ಲಾಯ್ಡ್ ಲೋರ್ ಮತ್ತು ಅವನ ಸಹಿ

ವಾದ್ಯವನ್ನು ನುಡಿಸಿದವರ ಹೆಸರು ಉಳಿಯುವಂತೆ ವಾದ್ಯವನ್ನು ಮಾಡಿದವರ ಹೆಸರು ಉಳಿಯುವುದಿಲ್ಲ. ವೀಣೆ ಶೇಷಣ್ಣನವರ ಹೆಸರನ್ನು ಕೇಳದ ಸಂಗೀತಪ್ರಿಯರು ನಮ್ಮಲ್ಲಿ ವಿರಳ; ಆದರೆ ಅವರ ವೀಣೆಯ ಕೊಡವನ್ನು ಕೊರೆದ ಆಚಾರಿ ಯಾರೆಂದು ಕೇಳಿದರೆ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ಪಶ್ಚಿಮ ದೇಶಗಳಲ್ಲಿ ಸ್ಥಿತಿ ಕೊಂಚ ಬೇರೆ. ಅಲ್ಲಿ ಪಿಟೀಲಿಗೆ ಸ್ಟ್ರಾಡಿವರಿ ಎಂಬ ಹೆಸರು ಹೇಗೋ ಹಾಗೆ ಮ್ಯಾಂಡೊಲಿನ್ನಿಗೆ ಲಾಯ್ಡ್ ಲೋರ್ ಎಂಬ ಹೆಸರು. ಆದರೂ ಇವರಿಬ್ಬರಲ್ಲಿ ಒಂದು ದೊಡ್ಡ ಅಂತರವಿದೆ. ಸ್ಟ್ರಾಡಿವರಿಯು ಉಳಿ ಹಿಡಿದು ಮರ ಕೆತ್ತಿದವನು. ಲೋರ್ ಮಾಡಿದ ಕೆಲಸ ಬೇರೆ. ಇತರರು ಕೆತ್ತಿ ಜೋಡಿಸಿದ ವಾದ್ಯವನ್ನು ತಟ್ಟಿ, ಮೀಟಿ, ಕಿವಿಗೊಟ್ಟು ಕೇಳಿ, ಒಪ್ಪಿಗೆಯಾದ ಮೇಲೆ ಅದರೊಳಗಿನ ಕಾಗದದ ಚೂರಿನ ಮೇಲೆ ಅವನು ತನ್ನ ಹೆಸರನ್ನು ಬರೆದನು. ಆ ಕಾಗದವುಳ್ಳ ಮ್ಯಾಂಡೊಲಿನ್ನಿನ ಬೆಲೆ ಈಗ ಒಂದು ಲಕ್ಷ ಡಾಲರನ್ನು ದಾಟಿದೆ. ಸಹಿ ಹಾಕಿದ ಮನುಷ್ಯನಾದರೋ ಅದರ ಒಂದಂಶವನ್ನೂ ಕಾಣದೆ 1943ರಲ್ಲಿ ಕಣ್ಣು ಮುಚ್ಚಿದನು.

ಲೋರ್‌ನ ಜೀವನವು ಅರ್ಥವಾಗಬೇಕಾದರೆ ಮೊದಲು ಮ್ಯಾಂಡೊಲಿನ್ನಿನ ಕುಲಗೋತ್ರಗಳನ್ನು ಸ್ವಲ್ಪ ತಿಳಿಯಬೇಕು. ಈಗ ಪ್ರಚಾರದಲ್ಲಿರುವ ಮ್ಯಾಂಡೊಲಿನ್ನಿನ ರೂಪವು ಇಟಲಿಯ ನೇಪಲ್ಸ್ ನಗರದಲ್ಲಿ ಹದಿನೆಂಟನೆಯ ಶತಮಾನದಲ್ಲಿ ನೆಲೆಗೊಂಡಿತು. ವಿನಾಚ್ಚಿಯ ಎಂಬ ಮನೆತನದವರು ಅದರ ಹೆಸರಾಂತ ಶಿಲ್ಪಿಗಳು. ಎಂಟು ತಂತಿಗಳು, ಎರಡೆರಡು ಒಂದೇ ಶ್ರುತಿಯಲ್ಲಿ ಕೂಡಿ ನಾಲ್ಕು ಜೋಡಿ, ಪ್ರತಿ ಜೋಡಿಯೂ ತನ್ನ ಕೆಳಗಿನ ಜೋಡಿಗೆ ಪಂಚಮ. ಎಂದರೆ ಶ್ರುತಿಯ ವಿಷಯದಲ್ಲಿ ಅದು ಪಿಟೀಲಿನ ತಂಗಿಯೇ ಸರಿ. ಆದರೆ ಅದಕ್ಕೆ ಕಮಾನಿಲ್ಲ, ಮೆಟ್ಟಿಲುಗಳುಂಟು. ಹಿಂಭಾಗವು ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ಬಟ್ಟಲಿನಂತಿರುತ್ತದೆ. ಇಟಲಿಯ ವಲಸೆಗಾರರೊಡನೆ ಈ ಬಟ್ಟಲು ಮ್ಯಾಂಡೊಲಿನ್ ಅಮೆರಿಕಕ್ಕೆ ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಅದೊಂದು ಹುಚ್ಚೇ ಆಯಿತು. ಊರೂರಿಗೆ ಮ್ಯಾಂಡೊಲಿನ್ ವೃಂದಗಳು ಹುಟ್ಟಿದವು. ಕಾಲೇಜುಗಳಲ್ಲಿಯೂ ಮ್ಯಾಂಡೊಲಿನ್ ಸಂಘಗಳಿದ್ದವು. ಅದರ ಪಟ್ಟೆಪಟ್ಟೆಯ ಬೆನ್ನು ಆಲೂಗೆಡ್ಡೆಯ ಬೆಳೆಯನ್ನು ತಿನ್ನುವ ಹುಳುವಿನ ಬೆನ್ನಿನಂತೆ ಕಂಡುದರಿಂದ ಹಳ್ಳಿಯ ಜನ ಅದನ್ನು ಆಲೂಗೆಡ್ಡೆ ಹುಳುವೆಂದೇ ಕರೆದರಂತೆ. ಹೆಸರಿಡುವುದರಲ್ಲಿ ಹಳ್ಳಿಗರು ಎಲ್ಲಿಯಾದರೂ ಜಾಣರೇ.

ಈ ಬಟ್ಟಲನ್ನು ತೊರೆದು ಹೊಸ ದಾರಿ ಹಿಡಿದವನು ಆರ್ವಿಲ್ ಗಿಬ್ಸನ್. ನ್ಯೂಯಾರ್ಕ್ ಸಂಸ್ಥಾನದಲ್ಲಿ 1856ರಲ್ಲಿ ಹುಟ್ಟಿ, ಮಿಷಿಗನ್ ಸಂಸ್ಥಾನದ ಕಾಲಮಜೂ ಎಂಬ ಊರಿಗೆ ಬಂದು, ಪಾದರಕ್ಷೆಯ ಅಂಗಡಿಯಲ್ಲಿ ಗುಮಾಸ್ತನಾಗಿ ಬದುಕಿದ್ದವನು. ಮರವನ್ನು ಬಾಗಿಸಿದರೆ ಅದರ ನಾದ ಕುಗ್ಗುತ್ತದೆಂಬುದು ಅವನ ನಂಬಿಕೆ. ಆದುದರಿಂದ ಪಿಟೀಲಿನ ಮೇಲ್ಪಲಗೆಯಂತೆ ಮ್ಯಾಂಡೊಲಿನ್ನಿನ ಮುಖವನ್ನೂ ಬೆನ್ನನ್ನೂ ಗಟ್ಟಿ ಹಲಗೆಯಿಂದ ಉಬ್ಬುಬ್ಬಾಗಿ ಕೆತ್ತಿ ತೆಗೆದನು. ಪಕ್ಕಗಳನ್ನು ಸಹ ಬಾಗಿಸದೆ ಗರಗಸದಿಂದ ಕೊಯ್ದು ತೆಗೆದನು. ಭುಜದ ಮೇಲೊಂದು ಚೆಲುವಾದ ಸುರುಳಿಯನ್ನು ಇಟ್ಟನು. ಇದಕ್ಕೆ 1898ರಲ್ಲಿ ಪೇಟೆಂಟು ಸಿಕ್ಕಿತು. 1902ರಲ್ಲಿ ಕಾಲಮಜೂವಿನ ಕೆಲವು ವರ್ತಕರು ಸೇರಿ ಅವನ ಹೆಸರಿನಲ್ಲಿ ಕಂಪನಿಯನ್ನು ಕಟ್ಟಿ, 2,500 ಡಾಲರು ಕೊಟ್ಟು ಪೇಟೆಂಟಿನ ಹಕ್ಕನ್ನು ಕೊಂಡರು. ಕಂಪನಿ ಬೆಳೆಯಿತು, ಗಿಬ್ಸನ್ ಮಾತ್ರ ಅದರಿಂದ ದೂರ ಸರಿದನು. 1918ರಲ್ಲಿ ತನ್ನ ಹುಟ್ಟೂರಿನ ಸೀಮೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಹೆಸರು ಒಬ್ಬನದು, ಫಲ ಮತ್ತೊಬ್ಬರದು ಎಂಬ ಈ ಸಂಗತಿ ಮುಂದೆಯೂ ಬೇರೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಲಾಯ್ಡ್ ಅಲೇರ್ ಲೋರ್ ಹುಟ್ಟಿದ್ದು 1886ರ ಜನವರಿ 9ರಂದು, ಇಲಿನಾಯ್ ಸಂಸ್ಥಾನದ ಕ್ರಾಪ್ಸಿ ಎಂಬ ಸಣ್ಣ ಊರಿನಲ್ಲಿ. ಗಿಬ್ಸನ್‌ನಂತೆ ಅವನು ಬಡಗಿಯ ಉಳಿಯ ಕಡೆಯಿಂದ ವಾದ್ಯಕ್ಕೆ ಬಂದವನಲ್ಲ. ಸಂಗೀತದ ಕಡೆಯಿಂದ ಬಂದವನು. ಓಹಾಯೋ ಸಂಸ್ಥಾನದ ಓಬರ್ಲಿನ್ ಸಂಗೀತ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದನು. ಶಾಸ್ತ್ರವನ್ನು ಕ್ರಮವಾಗಿ ಓದಿದವನು ಮ್ಯಾಂಡೊಲಿನ್ನನ್ನು ಕೈಗೆತ್ತಿಕೊಂಡುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಪಿಟೀಲು, ಪಿಯಾನೋಗಳ ಪಂಕ್ತಿಯಲ್ಲಿ ಮ್ಯಾಂಡೊಲಿನ್ನಿಗೆ ಎಲೆ ಹಾಕುವವರು ಕಡಿಮೆ. ಅದು ಮನೆಯಂಗಳದ, ಸಂಜೆಯ ಹೊತ್ತಿನ ವಿನೋದದ ವಾದ್ಯ. ಲೋರ್‌ನ ಒಟ್ಟು ಜೀವನವನ್ನು ನೋಡಿದರೆ, ಈ ಕೆಳಗಿನ ಪಂಕ್ತಿಯ ವಾದ್ಯವನ್ನು ಮೇಲಿನ ಪಂಕ್ತಿಯಲ್ಲಿ ಕೂರಿಸಬೇಕೆಂಬ ಹಟವೇ ಅವನನ್ನು ನಡೆಸಿತೆಂದು ನನಗೆ ತೋರುತ್ತದೆ.

ವ್ಯಾಸಂಗದ ತರುವಾಯ ಅವನು ಸಂಚಾರಿ ಗೋಷ್ಠಿಗಳಲ್ಲಿ ಸೇರಿ ಊರೂರು ಸುತ್ತಿ ನುಡಿಸಿದನು. ಫಿಶರ್ ಶಿಪ್ ಎಂಬ ಗಾಯಕಿಯ ತಂಡದಲ್ಲಿ ಬಹುಕಾಲ ಇದ್ದು, ಮುಂದೆ ಆಕೆಯನ್ನೇ ವಿವಾಹವಾದನು. ಸಂಗೀತ ಪತ್ರಿಕೆಗಳಿಗೆ ಲೇಖನಗಳನ್ನು ಬರೆದನು, ರಚನೆಗಳನ್ನು ಮಾಡಿದನು. ಬಡಗಿಯ ಗರಗಸವನ್ನು ಬಗ್ಗಿಸಿ ಹಿಡಿದು ಕಮಾನು ಎಳೆದು ಹಾಡಿಸುವ ವಿದ್ಯೆಯೂ ಅವನಿಗೆ ಗೊತ್ತಿತ್ತು. ಆದರೆ ಅವನಿಗೆ ಅಚ್ಚುಮೆಚ್ಚಾಗಿದ್ದುದು ಹತ್ತು ತಂತಿಗಳ ಮ್ಯಾಂಡೊ-ವಯೋಲಾ. ಮಾಮೂಲು ನಾಲ್ಕು ಜೋಡಿಗಳ ಕೆಳಗೆ ಇನ್ನೊಂದು ಮಂದ್ರದ ಜೋಡಿ ಸೇರಿದ ವಾದ್ಯವದು. ಮ್ಯಾಂಡೊಲಿನ್ನಿನ ದನಿ ಕೀರಲು, ಮಂದ್ರಕ್ಕೆ ಇಳಿಯುವುದಿಲ್ಲ ಎಂಬ ಕೊರತೆಯನ್ನು ನೀಗಿಸಲು ಅದು ಉಪಾಯ. ನಮ್ಮ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರು (1969–2014) ಕರ್ನಾಟಕ ಸಂಗೀತಕ್ಕಾಗಿ ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನನ್ನು ಆರಿಸಿಕೊಂಡಾಗ ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಇದೂ ಒಂದು. ಇಬ್ಬರಿಗೂ ನಂಟು ಕಲ್ಪಿಸಲು ನಾನು ಹೊರಟಿಲ್ಲ. ತೊಡಕು ಒಂದೇ ಎಂದಷ್ಟೇ ಹೇಳಿದೆ.

ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಫ್ರಾನ್ಸಿಗೆ ಹೋಗಿ ಸೈನಿಕರ ಮನರಂಜನೆಗಾಗಿ ನುಡಿಸಿ ಬಂದ ಲೋರ್, 1919ರಲ್ಲಿ ಗಿಬ್ಸನ್ ಕಂಪನಿಯನ್ನು ಸೇರಿದನು. ಅಲ್ಲಿಯವರೆಗೆ ಅವನು ಆ ಕಂಪನಿಯ ವಾದ್ಯಗಳನ್ನು ವೇದಿಕೆಯ ಮೇಲೆ ನುಡಿಸಿ ತೋರಿಸುತ್ತಿದ್ದ ಕಲಾವಿದ. ಈಗ ನಾದದ ತಜ್ಞನಾಗಿ ಕಾರ್ಖಾನೆಯ ಒಳಗೇ ಬಂದನು. ಆಗ ಕಂಪನಿಗೆ ಕಷ್ಟಕಾಲ. ಮ್ಯಾಂಡೊಲಿನ್ನಿನ ಹುಚ್ಚು ಇಳಿಯುತ್ತಿತ್ತು. ಜಾಜ್ ಸಂಗೀತ ತಲೆಯೆತ್ತಿತ್ತು. ಕುಣಿತದ ಮನೆಗಳಲ್ಲಿ ಬ್ಯಾಂಜೋವಿನ ಗಟ್ಟಿ ದನಿಯ ಮುಂದೆ ಮ್ಯಾಂಡೊಲಿನ್ನಿನ ದನಿ ಕೇಳಿಸುತ್ತಲೇ ಇರಲಿಲ್ಲ. ಇಂತಹ ಹೊತ್ತಿನಲ್ಲಿ ವರ್ತಕನಾದವನು ಬ್ಯಾಂಜೋ ಮಾಡಲು ಹೊರಡುವನು. ಕಂಪನಿ ಅದನ್ನೂ ಮಾಡಿತು. ಲೋರ್‌ನ ಮನಸ್ಸಾದರೋ ಜಗತ್ತಿನ ಅತ್ಯುತ್ತಮ ಮ್ಯಾಂಡೊಲಿನ್ನಿನ ಮೇಲಿತ್ತು.

ಅದರ ಫಲವೇ 1922ರಲ್ಲಿ ಹೊರಬಂದ ಎಫ್-5. ಅದರೊಡನೆ ಅದೇ ಪಂಕ್ತಿಯಲ್ಲಿ ಎಚ್-5 ಎಂಬ ಮ್ಯಾಂಡೋಲಾ, ಕೆ-5 ಎಂಬ ಮ್ಯಾಂಡೊಚೆಲ್ಲೊ, ಎಲ್-5 ಎಂಬ ಗಿಟಾರು ಇವೂ ಬಂದವು. ಹಿಂದಿನ ಗಿಬ್ಸನ್ ಮ್ಯಾಂಡೊಲಿನ್ನುಗಳ ಮುಖದಲ್ಲಿ ಮೊಟ್ಟೆಯಾಕಾರದ ಒಂದು ರಂಧ್ರವಿರುತ್ತಿತ್ತು. ಎಫ್-5ಕ್ಕೆ ಪಿಟೀಲಿನಂತೆ ಎರಡು ಬದಿಗಳಲ್ಲಿ ಎರಡು ಓರೆ ರಂಧ್ರಗಳು. ದಂಡಿಯನ್ನು ಉದ್ದ ಮಾಡಿ, ಕುದುರೆಯು ಮುಖದ ನಡುವಿನ ಸ್ಥಾನಕ್ಕೆ ಬರುವಂತೆ ಹೊಂದಿಸಿದರು. ಬೆರಳಾಡುವ ಪಟ್ಟಿಯು ಮುಖಕ್ಕೆ ತಾಗದೆ ಮೇಲೆತ್ತಿ ನಿಂತಿತು. ಹೀಗಾಗಿ ಮುಖದ ಹಲಗೆಗೆ ಕಂಪಿಸಲು ಅಡ್ಡಿ ಇಲ್ಲವಾಯಿತು. ಮುಖಕ್ಕೆ ಸ್ಪ್ರೂಸ್ ಎಂಬ ಹಗುರ ಮರ. ಬೆನ್ನಿಗೂ ಪಕ್ಕಕ್ಕೂ ಮೇಪಲ್ ಎಂಬ ಗಟ್ಟಿ ಮರ. ಮುಖದ ಒಳಮೈಗೆ ಉದ್ದುದ್ದವಾಗಿ ಎರಡು ಮರದ ಪಟ್ಟಿಗಳು. ನಡುವೆ ಹೊಂಬಣ್ಣವಾಗಿ ಅಂಚಿಗೆ ಕಂದಾಗುತ್ತ ಹೋಗುವ ಮೈಬಣ್ಣಕ್ಕೆ, ಸ್ಟ್ರಾಡಿವರಿಯ ಊರನ್ನು ನೆನೆದು, ಕ್ರೆಮೋನ ಎಂಬ ಹೆಸರನ್ನಿಟ್ಟರು. ಉದ್ದೇಶವನ್ನು ಇದಕ್ಕಿಂತ ಬಾಯಿಬಿಟ್ಟು ಹೇಳುವುದು ಸಾಧ್ಯವೆ?

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಹಲಗೆಗಳನ್ನು ಶ್ರುತಿ ಮಾಡುವ ಕ್ರಮ. ನಮ್ಮ ಸಂತೆಯಲ್ಲಿ ಹೆಂಗಸರು ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದನ್ನು ಎಲ್ಲರೂ ಕಂಡಿರಬಹುದು. ಬಿರುಕು ಬಿಟ್ಟ ಮಡಕೆಯ ದನಿಯೇ ಬೇರೆ. ಲೋರ್‌ನ ಕ್ರಮವು ಇದರ ಶಾಸ್ತ್ರೀಯ ರೂಪವೆನ್ನಬಹುದು. ಮುಖ, ಬೆನ್ನು, ಒಳಪಟ್ಟಿಗಳು ಇವುಗಳನ್ನು ತಟ್ಟಿ, ಹೊರಡುವ ಸ್ವರವನ್ನು ಆಲಿಸಿ, ಬೇಕಾದ ಸ್ವರ ಬರುವವರೆಗೆ ಮರವನ್ನು ಕೂದಲೆಳೆಯಷ್ಟು ಹೆರೆಯುತ್ತ ಹೋಗುವುದು. ಒಳಗಿನ ಗಾಳಿಯ ಸ್ವರವನ್ನೂ ರಂಧ್ರಗಳ ಅಳತೆಯಿಂದ ಹೊಂದಿಸುವುದು. ಹೀಗೆ ಪರೀಕ್ಷಿಸಿ ಒಪ್ಪಿದ ವಾದ್ಯದ ಒಳಗೆ ಒಂದು ಚೀಟಿಯನ್ನು ಅಂಟಿಸಿ, ಇಂಥ ದಿನ ಇದನ್ನು ಪರೀಕ್ಷಿಸಿ ಒಪ್ಪಲಾಗಿದೆ ಎಂಬರ್ಥದ ಅಚ್ಚಾದ ಒಕ್ಕಣೆಯ ಕೆಳಗೆ ಲೋರ್ ಸಹಿ ಮಾಡುತ್ತಿದ್ದನು. 1922ರ ಜೂನ್ ತಿಂಗಳಿಂದ 1924ರ ಡಿಸೆಂಬರ್ ತಿಂಗಳವರೆಗೆ, ಎರಡೂವರೆ ವರ್ಷ, ಇದು ನಡೆಯಿತು. ಹಾಗೆ ಸಹಿಯಾದ ವಾದ್ಯಗಳ ಸಂಖ್ಯೆ ಕೆಲವು ನೂರು ಮಾತ್ರ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಲೋರ್ ತನ್ನ ಕೈಯಾರೆ ಈ ವಾದ್ಯಗಳನ್ನು ಮಾಡಲಿಲ್ಲ. ಕಾಲಮಜೂವಿನ ಪಾರ್ಸನ್ಸ್ ಬೀದಿಯ ಕಾರ್ಖಾನೆಯಲ್ಲಿ ಮರ ಕೊಯ್ದವರು, ಕೆತ್ತಿದವರು, ಮುತ್ತಿನ ಚಿಪ್ಪನ್ನು ಕೂರಿಸಿದವರು, ಮೆರುಗು ಬಳಿದವರು ಬೇರೆ ಬೇರೆ ಕೆಲಸಗಾರರು. ಅವರಲ್ಲಿ ಥ್ಯಾಡಿಯಸ್ ಮೆಕ್‌ಹ್ಯೂ ಎಂಬೊಬ್ಬನ ಹೆಸರನ್ನು ಪೇಟೆಂಟಿನ ಕಾಗದಗಳು ಉಳಿಸಿವೆ. ತಂತಿಗಳ ಎಳೆತಕ್ಕೆ ದಂಡಿಯು ಬಾಗದಂತೆ ಒಳಗೆ ಉಕ್ಕಿನ ಸಲಾಕೆಯನ್ನು ಹುದುಗಿಸುವ ಉಪಾಯ, ಎತ್ತರವನ್ನು ಏರಿಸಿ ಇಳಿಸಬಲ್ಲ ಕುದುರೆ, ಇವೆರಡೂ ಅವನವು. ಇಂದಿಗೂ ಜಗತ್ತಿನಾದ್ಯಂತ ಗಿಟಾರುಗಳ ದಂಡಿಯೊಳಗೆ ಆ ಸಲಾಕೆಯ ವಂಶಜರು ಇದ್ದಾರೆ. ಆದರೆ ಚೀಟಿಯ ಮೇಲೆ ಮೆಕ್‌ಹ್ಯೂವಿನ ಹೆಸರಿಲ್ಲ. ಉಳಿದವರ ಹೆಸರಂತೂ ಎಲ್ಲಿಯೂ ಇಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ವಿದ್ಯಾರ್ಥಿವೇತನದ ಅರ್ಜಿಯ ಕಾಲದಲ್ಲಿ ಅಂಕಪಟ್ಟಿಯ ನಕಲಿನ ಮೇಲೆ ಅಧಿಕಾರಿಯೊಬ್ಬರ ಸಹಿಗಾಗಿ ಕಚೇರಿಯ ಮುಂದೆ ಕಾದ ಅನುಭವ ನನ್ನಂಥವರಿಗೆಲ್ಲ ಉಂಟು. ಓದಿದವನು ಒಬ್ಬ, ಪಾಠ ಹೇಳಿದವರು ಹಲವರು. ಬೆಲೆ ಬರುವುದು ಮಾತ್ರ ನೋಡಿ ಒಪ್ಪಿದವರ ಸಹಿಯಿಂದ. ಲೋರ್‌ನ ಚೀಟಿಯ ಮೇಲೆ ನನಗೆ ಮೊದಲು ಅಸಮಾಧಾನವೇ ಹುಟ್ಟಿದ್ದು ಈ ಕಾರಣಕ್ಕೆ. ಆದರೆ ನಿಧಾನವಾಗಿ ಯೋಚಿಸಿದರೆ ಇನ್ನೊಂದು ಮುಖವೂ ಕಾಣುತ್ತದೆ. ನೋಡದೆಯೇ ಹಾಕುವ ಸಹಿ ಒಂದು, ಕೇಳಿ ಹಾಕುವ ಸಹಿ ಇನ್ನೊಂದು. ಕೆಲಸಗಾರರು ಲೋರ್ ಬರುವ ಮೊದಲೂ ಅಲ್ಲಿದ್ದರು, ಅವನು ಹೋದ ಮೇಲೂ ಇದ್ದರು. ಎಫ್-5 ರೂಪುಗೊಂಡದ್ದು ಅವನಿದ್ದ ಕಾಲದಲ್ಲಿಯೇ. ಕೈಗಳು ಅವರವು, ಕಿವಿ ಅವನದು ಎಂದರೆ ನ್ಯಾಯವಾದೀತು.

ಎಫ್-5ರ ಬೆಲೆಯನ್ನು ಕಂಪನಿಯು ಸುಮಾರು 250 ಡಾಲರೆಂದು ಇಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ವಾದ್ಯವು ಶ್ರೇಷ್ಠವಾಗಿತ್ತು, ಕೊಳ್ಳುವವರೇ ಇರಲಿಲ್ಲ. ಊರಿಗೆ ಊರೇ ಬ್ಯಾಂಜೋವಿನ ಹಿಂದೆ ಹೋಗಿದ್ದಾಗ ಮ್ಯಾಂಡೊಲಿನ್ನಿಗಾಗಿ ಅಷ್ಟು ಹಣ ಸುರಿಯುವವರು ಯಾರು? 1924ರಲ್ಲಿ ಗಯ್ ಹಾರ್ಟ್ ಎಂಬುವನು ಕಂಪನಿಯ ಆಡಳಿತವನ್ನು ವಹಿಸಿಕೊಂಡನು. ಲೆಕ್ಕಪತ್ರಗಳನ್ನು ಬಲ್ಲ ಮನುಷ್ಯ. ಅದೇ ವರ್ಷದ ಡಿಸೆಂಬರಿನಲ್ಲಿ ಲೋರ್ ಕಂಪನಿಯನ್ನು ಬಿಟ್ಟನು. ಆಗ ಅವನಿಗೆ ಮೂವತ್ತೆಂಟು ವರ್ಷ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅವನ ಆ ಐದಾರು ವರ್ಷಗಳ ದುಡಿಮೆ ಸೋಲೇ ಆಗಿತ್ತು.

ಅನಂತರ ಅವನು ಷಿಕಾಗೋ ಸೀಮೆಗೆ ಹೋಗಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದನು. ಸಂಗೀತಕ್ಕೆ ಸಂಬಂಧಿಸಿದ ಭೌತಶಾಸ್ತ್ರವನ್ನು ಹೇಳಿಕೊಟ್ಟನು. ಆದರೆ ಅವನ ತಲೆಯೊಳಗಿನ ಹುಳು ಸುಮ್ಮನಿರಲಿಲ್ಲ. ಮರದಿಂದ ಎಷ್ಟು ದನಿ ಹೊರಡಿಸಬಹುದೋ ಅಷ್ಟನ್ನೂ ಹೊರಡಿಸಿಯಾಗಿತ್ತು. ಮುಂದಿನ ದಾರಿ ವಿದ್ಯುತ್ತಿನದು ಎಂದು ಅವನು ಕಂಡುಕೊಂಡಿದ್ದನು. 1933ರಲ್ಲಿ, ಗಿಬ್ಸನ್ ಕಂಪನಿಯಲ್ಲಿ ಹಿಂದೆ ತನ್ನ ಜೊತೆಗಿದ್ದ ಲೂಯಿಸ್ ವಿಲಿಯಮ್ಸ್ ಮೊದಲಾದವರೊಡನೆ ಸೇರಿ, ವಿವಿಟೋನ್ ಎಂಬ ಕಂಪನಿಯನ್ನು ತೆರೆದನು. ವಿದ್ಯುತ್ ಗಿಟಾರುಗಳು, ವಿದ್ಯುತ್ ಮ್ಯಾಂಡೊಲಿನ್ನುಗಳು, ವಿದ್ಯುತ್ತಿನಿಂದ ನಾದವನ್ನು ಹಿಗ್ಗಿಸುವ ಮನೆವಾದ್ಯ, ಇವುಗಳಿಗೆ ಪೇಟೆಂಟುಗಳು ಬಂದವು. ಕೊಳ್ಳುವವರು ಬರಲಿಲ್ಲ. ಅಮೆರಿಕವು ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ. ಬ್ಯಾಂಕುಗಳೇ ಬಾಗಿಲು ಹಾಕುತ್ತಿದ್ದಾಗ ಹೊಸ ವಾದ್ಯಗಳ ಗತಿ ಏನು? ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ವಿದ್ಯುತ್ ಗಿಟಾರು ಲೋಕವನ್ನೇ ಗೆದ್ದಿತು. ಎರಡು ಸಾರಿ ಸರಿಯಾಗಿ ಯೋಚಿಸಿ ಎರಡು ಸಾರಿಯೂ ಹೊತ್ತು ತಪ್ಪಿದವನು ಲೋರ್: ಮೊದಲನೆಯ ಸಲ ತಡವಾಗಿ ಬಂದನು, ಎರಡನೆಯ ಸಲ ಬೇಗ ಬಂದನು.

1943ರ ಸೆಪ್ಟೆಂಬರ್ 14ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಅವನ ನಿಜವಾದ ಖ್ಯಾತಿಯು ಇಲ್ಲಿಂದಾಚೆಗೆ ಆರಂಭವಾಗುತ್ತದೆ. ಅದಕ್ಕೆ ನಿಮಿತ್ತನಾದವನು ಬಿಲ್ ಮನ್ರೋ. ಕೆಂಟಕಿ ಸಂಸ್ಥಾನದ ರೋಸಿನ್ ಎಂಬ ಹಳ್ಳಿಯವನು (1911–1996). ಇವನ ತಂಡದ ಹೆಸರಿನಿಂದಲೇ ಬ್ಲೂಗ್ರಾಸ್ ಎಂಬ ಸಂಗೀತ ಪದ್ಧತಿಗೆ ಹೆಸರು ಬಂದಿತು. ಲೋರ್ ತೀರಿಕೊಂಡ ಕಾಲದ ಆಸುಪಾಸಿನಲ್ಲಿ, 1940ರ ದಶಕದ ಮಧ್ಯಭಾಗದಲ್ಲಿ, ಮನ್ರೋ ಫ್ಲಾರಿಡಾದ ಮಯಾಮಿ ನಗರದಲ್ಲಿ ಒಂದು ಕ್ಷೌರದ ಅಂಗಡಿಯ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದ ಮ್ಯಾಂಡೊಲಿನ್ನೊಂದನ್ನು ಕಂಡು 150 ಡಾಲರಿಗೆ ಕೊಂಡನು. ಹೊಸದಾಗಿದ್ದಾಗಿನ ಬೆಲೆಗಿಂತ ನೂರು ಡಾಲರು ಕಡಿಮೆ! ಅದು ಎಫ್-5, ಕ್ರಮಸಂಖ್ಯೆ 73987, ಚೀಟಿಯ ಮೇಲೆ 1923ರ ಜುಲೈ 9ರ ತಾರೀಖು, ಲೋರ್‌ನ ಸಹಿ. ಕುಣಿತದ ಮನೆಯಲ್ಲಿ ಕೇಳಿಸದೆಂದು ಜನ ಕೈಬಿಟ್ಟ ವಾದ್ಯವನ್ನು ಮನ್ರೋ ಬ್ಯಾಂಜೋ, ಪಿಟೀಲುಗಳ ನಡುವೆಯೇ ನಿಲ್ಲಿಸಿ, ತಾಳಕ್ಕೆ ತಕ್ಕಂತೆ ಕಡಿದ ಹಾಗೆ ಮೀಟಿ, ಎಲ್ಲಕ್ಕೂ ಮೇಲಾಗಿ ಕೇಳಿಸುವಂತೆ ಮಾಡಿದನು. ಸಭಾಮಂದಿರದ ನಯವಾದ ಸಂಗೀತಕ್ಕೆಂದು ಲೋರ್ ರೂಪಿಸಿದ ವಾದ್ಯ ಬೆಟ್ಟದ ಜನರ ಸಂಗೀತದಲ್ಲಿ ಬಾಳಿತು. ಲೋರ್ ಬದುಕಿದ್ದು ಕೇಳಿದ್ದರೆ ಮೆಚ್ಚುತ್ತಿದ್ದನೆ? ಹೇಳುವುದು ಕಷ್ಟ, ಆದರೆ ದನಿ ಹಿಂದಿನ ಸಾಲಿನವರೆಗೂ ತಲುಪಿದ್ದನ್ನು ಕಂಡು ಹಿಗ್ಗದೆ ಇರುತ್ತಿರಲಿಲ್ಲ.

ಆ ಒಂದು ಮ್ಯಾಂಡೊಲಿನ್ನಿನ ಪಾಡನ್ನೇ ಒಂದು ಪುರಾಣವಾಗಿ ಬರೆಯಬಹುದು. 1950ರ ದಶಕದ ಮೊದಲಲ್ಲಿ ಮನ್ರೋ ಅದನ್ನು ರಿಪೇರಿಗಾಗಿ ಗಿಬ್ಸನ್ ಕಂಪನಿಗೆ ಕಳುಹಿಸಿದನು. ಬಹಳ ಕಾಲ ಕಾಯಿಸಿ, ಹೇಳಿದ ಕೆಲಸಗಳಲ್ಲಿ ಕೆಲವನ್ನು ಮಾಡದೆಯೇ ಹಿಂದಕ್ಕೆ ಕಳುಹಿಸಿದರೆಂದು ಸಿಟ್ಟಾಗಿ, ಬಿರಡೆಗಳ ನಡುವೆ ಚಿಪ್ಪಿನಲ್ಲಿ ಕೆತ್ತಿದ್ದ ಕಂಪನಿಯ ಹೆಸರನ್ನು ಚಾಕುವಿನಿಂದ ಕೆರೆದು ಹಾಕಿದನು. ಸುಮಾರು ಮೂವತ್ತು ವರ್ಷಗಳ ತರುವಾಯ ರಾಜಿಯಾಯಿತು. 1985ರಲ್ಲಿ ಯಾರೋ ದುಷ್ಕರ್ಮಿ ಮನ್ರೋವಿನ ಮನೆಗೆ ನುಗ್ಗಿ, ಒಲೆಯ ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯಿಂದ ಅದನ್ನು ಚೂರುಚೂರು ಮಾಡಿದನು. ಗಿಬ್ಸನ್ ಕಂಪನಿಯ ಚಾರ್ಲಿ ಡೆರಿಂಗ್‌ಟನ್ ಎಂಬ ಕುಶಲಿ ಚೂರುಗಳನ್ನೆಲ್ಲ ಆರಿಸಿ, ತಿಂಗಳುಗಟ್ಟಲೆ ಕುಳಿತು, ಒಂದಕ್ಕೊಂದು ಅಂಟಿಸಿ ಮತ್ತೆ ಹಾಡುವಂತೆ ಮಾಡಿದನು. ಅದೀಗ ನ್ಯಾಶ್‌ವಿಲ್ ನಗರದ ವಸ್ತುಸಂಗ್ರಹಾಲಯವೊಂದರಲ್ಲಿದೆ.

ಮನ್ರೋವಿನ ಹಿಂದೆ ಬಂದ ತರುಣರಿಗೆಲ್ಲ ಅಂಥದೇ ಮ್ಯಾಂಡೊಲಿನ್ ಬೇಕಾಯಿತು. ಅಟ್ಟಗಳ ಮೇಲೆ ಧೂಳು ಹಿಡಿದು ಬಿದ್ದಿದ್ದ ವಾದ್ಯಗಳು ಒಂದೊಂದಾಗಿ ಕೆಳಗಿಳಿದವು. ಗಿಬ್ಸನ್ ಕಂಪನಿಯು ಸಹ 1978ರಲ್ಲಿ ಲೋರ್‌ನ ಕಾಲದ ವಾದ್ಯಗಳನ್ನು ಮಾದರಿಯಾಗಿಟ್ಟುಕೊಂಡು ಹೊಸ ಮ್ಯಾಂಡೊಲಿನ್ನನ್ನು ಹೊರತಂದು, ಅದರ ಹೆಸರಿನ ಕೊನೆಗೆ ಲೋರ್‌ನ ಮೊದಲಕ್ಷರವನ್ನು ಸೇರಿಸಿತು. ಯಾವ ವಾದ್ಯಕ್ಕಾಗಿ ಕಂಪನಿ ಕೈಸುಟ್ಟುಕೊಂಡಿತ್ತೋ ಅದನ್ನೇ ಐವತ್ತು ವರ್ಷಗಳ ಮೇಲೆ ನಕಲು ಮಾಡಿತು.

ಬೆಲೆ ಏರಿದಲ್ಲಿ ಮೋಸವೂ ಬರುತ್ತದೆ. ಆದ್ದರಿಂದ ಲೋರ್‌ನ ಮ್ಯಾಂಡೊಲಿನ್ನನ್ನು ಗುರುತಿಸುವುದು ಈಗ ಒಂದು ವಿದ್ಯೆಯೇ ಆಗಿದೆ. ಚೀಟಿಯನ್ನು ನೋಡಿ ಸೋಲುವವನು ಕಚ್ಚಾ ಗಿರಾಕಿ. ಕಾಗದವನ್ನೂ ಸಹಿಯನ್ನೂ ಅನುಕರಿಸುವುದು ಕಷ್ಟವಲ್ಲ, ಅನುಕರಿಸಿದವರೂ ಉಂಟು. ಬಲ್ಲವರು ಮೊದಲು ಕ್ರಮಸಂಖ್ಯೆಯನ್ನು ನೋಡುತ್ತಾರೆ. ಸಹಿಯುಳ್ಳ ವಾದ್ಯಗಳ ಸಂಖ್ಯೆಗಳು ಸುಮಾರಾಗಿ 70,000ದಿಂದ 80,000ದ ನಡುವೆ ಬರುತ್ತವೆ. ಆಮೇಲೆ ಕಿರುಗನ್ನಡಿಯನ್ನೂ ದೀಪವನ್ನೂ ರಂಧ್ರದೊಳಕ್ಕೆ ಇಳಿಸಿ, ಕಾರ್ಖಾನೆಯವರು ಒಂದು ತಂಡದ ವಾದ್ಯಗಳಿಗೆಲ್ಲ ಕೊಡುತ್ತಿದ್ದ ಇನ್ನೊಂದು ಸಂಖ್ಯೆಯನ್ನು ಒಳಗಿನ ಮರದ ಮೇಲೆ ಹುಡುಕುತ್ತಾರೆ. ಎರಡು ಸಂಖ್ಯೆಗಳೂ ಚೀಟಿಯ ತಾರೀಖೂ ಪರಸ್ಪರ ಹೊಂದಬೇಕು. ಲೋರ್ ದಿನಕ್ಕೊಂದರಂತೆ ಸಹಿ ಹಾಕಿದವನಲ್ಲ; ಒಂದೇ ತಾರೀಖನ್ನು ಹೊತ್ತ ಹಲವು ವಾದ್ಯಗಳಿವೆ. ಮನ್ರೋವಿನ ಮ್ಯಾಂಡೊಲಿನ್ನಿನ ತಾರೀಖಿನವೇ ಹಲವಿವೆ. ಆದುದರಿಂದ ಹೊಸದಾಗಿ ಸಿಕ್ಕಿದ ವಾದ್ಯವನ್ನು ಅದರ ಒಡಹುಟ್ಟಿದವುಗಳ ಪಕ್ಕದಲ್ಲಿಟ್ಟು ನೋಡಬಹುದು. ಸುರುಳಿಯ ತಿರುವು, ರಂಧ್ರದ ಕೊಯ್ತ, ಅಂಚಿನ ಪಟ್ಟಿ, ಬಿರಡೆಗಳ ಲೋಹ, ತಲೆಯ ಮೇಲಿನ ಚಿಪ್ಪಿನ ಹೂವು, ಇವು ಒಂದು ಮನೆಯ ಮಕ್ಕಳ ಮುಖಚಹರೆಯಂತೆ ಹೋಲಬೇಕು.

ಮೆರುಗಿನ ವಿಷಯ ಇನ್ನೂ ನಾಜೂಕು. ಹಳೆಯ ವಾದ್ಯವು ಮಾಸಿ, ಬಿರಿದು, ನುಡಿಸಿದವನ ಮುಂಗೈ ತಾಗಿ ಸವೆದಿದ್ದರೆ, ಅದನ್ನು ಉಜ್ಜಿ ಹೊಸ ಮೆರುಗು ಬಳಿಯಬೇಕೆನ್ನಿಸುವುದು ಸಹಜ. ನಮ್ಮಲ್ಲಿ ಹಬ್ಬಕ್ಕೆ ಬಾಗಿಲಿಗೆ ಬಣ್ಣ ಬಳಿಯುವುದಿಲ್ಲವೆ? ಆದರೆ ಹಾಗೆ ಬಳಿದೊಡನೆಯೇ ಬೆಲೆಯ ಬಹುಭಾಗ ಹಾರಿಹೋಗುತ್ತದೆ. ಕೆಲವು ವಾದ್ಯಗಳ ಒಳಗೆ, ಮುಖದ ಹಲಗೆಯ ಅಡಿಗೆ, ನ್ಯೂಯಾರ್ಕಿನ ವಿರ್ಜಿ ಸೋದರರು ಮಾಡಿದ ಒಂದು ಮರದ ಬಿಲ್ಲೆಯು ತೂಗುಬಿದ್ದಿರುತ್ತದೆ. ನಾದವನ್ನು ಇಂಪಾಗಿಸಲು ಲೋರ್ ಒಪ್ಪಿ ಹಾಕಿಸಿದ್ದು. ಬ್ಲೂಗ್ರಾಸ್ ವಾದಕರಿಗೆ ಇಂಪಿಗಿಂತ ಪೆಟ್ಟು ಬೇಕು. ಅನೇಕರು ಅದನ್ನು ಕಿತ್ತು ತೆಗೆಸಿದರು. ಈಗ ಬಿಲ್ಲೆಯಿದ್ದರೆ ಲೇಸೋ ಇಲ್ಲದಿದ್ದರೆ ಲೇಸೋ ಎಂದು ವಾದ ನಡೆಯುತ್ತಲೇ ಇದೆ. ನುಡಿಸುವವನಿಗೆ ಒಂದು ಬೆಲೆ, ಸಂಗ್ರಹಿಸುವವನಿಗೆ ಇನ್ನೊಂದು ಬೆಲೆ.

ಸುರುಳಿಯಿಲ್ಲದ, ಹಣ್ಣಿನಾಕಾರದ ಸರಳ ಮ್ಯಾಂಡೊಲಿನ್ನುಗಳಿಗೆ ಗಿಬ್ಸನ್ ಕಂಪನಿಯು ಎ ಎಂಬ ಅಕ್ಷರವನ್ನು ಕೊಟ್ಟಿತ್ತು. ಅಗ್ಗದ ಸಾಲು ಅದು. ಆ ಆಕಾರದಲ್ಲಿ, ಆದರೆ ಎಫ್-5ರ ಗುಣಗಳೆಲ್ಲವೂ ಕೂಡಿ, ಲೋರ್‌ನ ಸಹಿಯೊಡನೆ ಬಂದದ್ದು ಒಂದೇ ಒಂದು ವಾದ್ಯ ಮಾತ್ರ ಈವರೆಗೆ ಬೆಳಕಿಗೆ ಬಂದಿದೆ, 1923ರ ಎ-5. ತಿಳಿಯದವನ ಕೈಗೆ ಅದು ಸಿಕ್ಕಿದ್ದರೆ ಸಂತೆಯ ಸಾಮಾನಿನ ಬೆಲೆಗೆ ಹೋಗಬಹುದಾಗಿತ್ತು.

ಇನ್ನು ಉಳಿದದ್ದು ಒಂದು ಬಗೆಯ ವಾದ್ಯಗಳು. 1924ರ ಡಿಸೆಂಬರಿನಲ್ಲಿ ಲೋರ್ ಹೊರಟುಹೋದಾಗ ಕಾರ್ಖಾನೆಯಲ್ಲಿ ಅರ್ಧ ಮುಗಿದ, ಮುಕ್ಕಾಲು ಮುಗಿದ ಎಫ್-5ಗಳು ಹಾಗೆಯೇ ಇದ್ದವು. ಕೆಲಸಗಾರರು ಅವುಗಳನ್ನು ಪೂರ್ತಿ ಮಾಡಿ ಕಳುಹಿಸಿದರು. ಅದೇ ಮರ, ಅದೇ ಅಳತೆ, ಹಿಂದಿನ ವಾರ ಕೆತ್ತಿದ ಅದೇ ಕೈಗಳು. ಆದರೆ ಸಹಿ ಹಾಕುವವನು ಊರಲ್ಲಿರಲಿಲ್ಲ. ಪೇಟೆಯಲ್ಲಿ ಅವುಗಳಿಗೆ ಬೇರೆಯೇ ದರ್ಜೆ. ಸಹಿಯುಳ್ಳ ಒಡಹುಟ್ಟಿದವುಗಳ ಬೆಲೆ ಅವಕ್ಕೆ ಬರುವುದಿಲ್ಲ. ಕಣ್ಣು ಕಟ್ಟಿ ಕೇಳಿಸಿದರೆ ಇದು ಸಹಿಯದು, ಇದು ಸಹಿಯಿಲ್ಲದ್ದು ಎಂದು ಹೇಳಬಲ್ಲವರು ಎಷ್ಟು ಮಂದಿ ಇದ್ದಾರೋ! ನುಡಿಸುವುದನ್ನೇ ಮುಖ್ಯವಾಗಿ ಬಗೆದ, ಕೈಯಲ್ಲಿ ಹೆಚ್ಚು ಹಣವಿಲ್ಲದ ವಾದಕರು ಇಂಥವನ್ನೇ ಹುಡುಕಿ ಕೊಳ್ಳುತ್ತಾರೆ. ಅವುಗಳ ರಂಧ್ರದೊಳಗೆ ದೀಪ ಹಿಡಿದರೆ ಕಂಪನಿಯ ಚೀಟಿಯೊಂದು ಒಂದು ಬದಿಗೆ ಕಾಣುತ್ತದೆ. ಇನ್ನೊಂದು ಬದಿಯಲ್ಲಿ ಬರಿಯ ಮೇಪಲ್ ಮರ, ಅದರ ಮೇಲೆ ಉಳಿಯ ಗುರುತು.